ಇಬ್ಬರ ಮಾತು ಮೂರನೆಯವರ ಕಿವಿಗೆ ಬೀಳದಂತೆ

1988ರ ಆಗಸ್ಟ್‌ನಲ್ಲಿ ಫೋನ್ ಕದ್ದಾಲಿಕೆಯ ಗದ್ದಲಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಅವರ ನಂತರ ಆ ಕುರ್ಚಿಗೆ ಬಂದವರು ನಮ್ಮ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ. ಆಗೆಲ್ಲ ಮಾತು ತಂತಿಯ ಮೇಲೆ ಬಿಚ್ಚಾಗಿಯೇ ಹೋಗುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಕೂತವರು ಮನಸ್ಸು ಮಾಡಿದರೆ ಕೇಳಬಹುದಿತ್ತು. ಆಗ ಕದ್ದಾಲಿಕೆಗೆ ಆಧಾರವಾಗಿದ್ದುದು ಬ್ರಿಟಿಷರ ಕಾಲದ, 1885ರ ಟೆಲಿಗ್ರಾಫ್ ಕಾಯ್ದೆ. ಆದೇಶ ಯಾರು ಕೊಡಬೇಕು, ಅದು ಎಷ್ಟು ದಿನ ನಡೆಯಬೇಕು ಎಂಬ ಕಟ್ಟುಪಾಡನ್ನು ಸುಪ್ರೀಂ ಕೋರ್ಟ್ ಹಾಕಿದ್ದು 1996ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ.

ಇದಕ್ಕಿಂತ ಗಟ್ಟಿ ಕಾವಲು ಗಣಿತದಿಂದ ಬಂತು. ಎಂದೂ ಭೇಟಿಯಾಗದ ಇಬ್ಬರು, ಎಲ್ಲರಿಗೂ ಕೇಳಿಸುವ ತಂತಿಯ ಮೇಲೆಯೇ, ತಮ್ಮಿಬ್ಬರಿಗಷ್ಟೇ ತಿಳಿಯುವ ಕೀಲಿ (ಮಾತನ್ನು ಬೇರೆಯವರಿಗೆ ಅರ್ಥವಾಗದಂತೆ ಮಾಡುವ ಗುಟ್ಟು ಸಂಖ್ಯೆ) ಮಾಡಿಕೊಳ್ಳಬಹುದು ಎಂದು 1976ರಲ್ಲಿ ಅಮೆರಿಕದ ಸಂಶೋಧಕರಾದ ಡಿಫಿ ಮತ್ತು ಹೆಲ್ಮನ್ ತೋರಿಸಿಕೊಟ್ಟರು. ಇವತ್ತಿಗೂ ಇದು ನನಗೆ ಬೆರಗು. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಇಮೇಲ್‌ಗೆ ಇಂಥ ಬೀಗ ಹಾಕುವ 'ಪಿಜಿಪಿ' ತಂತ್ರಾಂಶ ಹೊರತಂದರು. ಅಮೆರಿಕ ಸರ್ಕಾರ ಅದನ್ನು ಶಸ್ತ್ರಾಸ್ತ್ರ ರಫ್ತಿನಂತೆ ಕಂಡು 1993ರಲ್ಲಿ ತನಿಖೆಗೆ ಇಳಿಯಿತು, 1996ರಲ್ಲಿ ಕೈಬಿಟ್ಟಿತು. ಆದರೆ ಪಿಜಿಪಿ ಬಲ್ಲವರಿಗಷ್ಟೇ ದಕ್ಕಿತು. ಪ್ರತಿ ಸಂದೇಶಕ್ಕೂ ಕೀಲಿ ತಾನೇ ಬದಲಾಗುವ, ಸಂದೇಶದ ಆ್ಯಪ್ ಆದ ಸಿಗ್ನಲ್‌ನ ವಿಧಾನವನ್ನು 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ಎಲ್ಲರಿಗೂ ಅಳವಡಿಸಿತು. ಬ್ಯಾಡಗಿಯ ಮೆಣಸಿನಕಾಯಿ ದರಕ್ಕೂ, ಧಾರವಾಡ ಹೈಕೋರ್ಟ್ ಪೀಠದ ವಕೀಲರು ಕಕ್ಷಿದಾರರೊಂದಿಗೆ ಆಡುವ ಮಾತಿಗೂ ಅಂದಿನಿಂದ ಒಂದೇ ಬೀಗ.

ಸಂದೇಶ ಮೊದಲು ಕಳಿಸಿದವರು ಯಾರೆಂದು ಪತ್ತೆ ಹಚ್ಚಿಕೊಡಿ ಎಂದು ಕೇಂದ್ರದ 2021ರ ಐಟಿ ನಿಯಮ ಹೇಳಿತು. ಹಾಗೆ ಮಾಡಿದರೆ ಬೀಗವನ್ನೇ ಮುರಿದಂತೆ ಎಂದು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಅಪರಾಧಿಯನ್ನು ಹಿಡಿಯಬೇಕು, ನಿಜ. ಆದರೆ ಅದಕ್ಕಾಗಿ ಕೋಟ್ಯಂತರ ಜನರ ಬಾಗಿಲು ತೆಗೆದಿಡುವುದನ್ನು ನಾನು ಒಪ್ಪಲಾರೆ.

ಬೀಗ ಕಾಯುವುದು ದಾರಿಯನ್ನಷ್ಟೇ, ಎರಡೂ ತುದಿ ನಮ್ಮ ಕೈಯಲ್ಲಿವೆ. ಕೊಪ್ಪೀಕರ ರಸ್ತೆಯಲ್ಲಿ ಹೊಸ ಮೊಬೈಲ್ ಕೊಂಡು, ಅಂಗಡಿಯ ಹುಡುಗನಿಂದಲೇ ಜಿಮೇಲ್, ಪಿನ್ ಎಲ್ಲ ಮಾಡಿಸಿಕೊಂಡು ಬಂದರೆ ಕೀಲಿ ಅಲ್ಲೇ ಬಿಟ್ಟು ಬಂದ ಹಾಗೆ. ಸಿಗ್ನಲ್‌ನಲ್ಲಿ ಗೆಳೆಯರ ಹೆಸರು ಒತ್ತಿ 'ಸೇಫ್ಟಿ ನಂಬರ್' ತೆಗೆಯಿರಿ: ಐದೈದರ 12 ಗುಂಪು, ಒಟ್ಟು 60 ಅಂಕಿ. ಎದುರಿಗೆ ಕೂತು ಎರಡೂ ಫೋನ್ ಹೋಲಿಸಿ. ಒಂದೇ ಇದ್ದರೆ ನಡುವೆ ಯಾರೂ ಕೂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ (ಇದೇ ಬೀಗ) ಬೇರೆಯಾಗಿ ಆನ್ ಮಾಡಿದ್ದೀರಾ ನೋಡಿ. 'ಲಿಂಕ್ಡ್ ಡಿವೈಸಸ್' ಪಟ್ಟಿಯಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ತಕ್ಷಣ ಲಾಗೌಟ್ ಮಾಡಿ.