ಗಟ್ಟಿಗಿತ್ತಿ ಅಂದರೆ ಯಾರು?

ಗಟ್ಟಿ ಅಂದರೆ ಗೊತ್ತಲ್ವಾ? ಮೊಸರು ಗಟ್ಟಿ, ಗೋಡೆ ಗಟ್ಟಿ, ದನಿ ಗಟ್ಟಿ. ಕಷ್ಟಕ್ಕೆ ಜಗ್ಗದ ಗಂಡಸು ಗಟ್ಟಿಗ. ಅದೇ ಹೆಂಗಸಾದರೆ ಗಟ್ಟಿಗಿತ್ತಿ. ಕೊನೆಯಲ್ಲಿರುವ 'ಇತ್ತಿ' ಹೆಣ್ಣನ್ನು ಸೂಚಿಸುವ ಕನ್ನಡದ್ದೇ ಪ್ರತ್ಯಯ. ಒಕ್ಕಲಿಗನಿಗೆ ಒಕ್ಕಲಗಿತ್ತಿ, ಬೀಗನಿಗೆ ಬೀಗಿತ್ತಿ, ಮದುವಣಿಗನಿಗೆ ಮದುವಣಗಿತ್ತಿ. ಇವರೆಲ್ಲ ಸಾಮಾನ್ಯವಾಗಿ ಜೋಡಿಯಲ್ಲೇ ಬರುವವರು. ಗಟ್ಟಿಗಿತ್ತಿಯ ವಿಷಯ ಬೇರೆ. ಅವಳ ಪಕ್ಕದಲ್ಲಿ ಒಬ್ಬ ಗಟ್ಟಿಗ ಇರಲೇಬೇಕು ಅಂತೇನಿಲ್ಲ. ಇದ್ದರೂ ಅವನಿಂದಾಗಿ ಅವಳಿಗೆ ಆ ಹೆಸರು ಬಂದಿರುವುದಿಲ್ಲ.

ಇದರ ಅಕ್ಕಪಕ್ಕದಲ್ಲೇ ಬಜಾರಿ, ಗಂಡುಬೀರಿ ಅನ್ನುವ ಪದಗಳೂ ಇವೆ. ಅವು ಬೈಗುಳ, ಇದು ಮೆಚ್ಚುಗೆ. ಆದರೆ ಈ ಮೆಚ್ಚುಗೆಯನ್ನು ನಾವು ಅಳೆದು ಸುರಿದು ಕೊಡುತ್ತೇವೆ. "ಗಂಡ ಹೋದ ಮೇಲೆ ಮೂರು ಮಕ್ಕಳನ್ನು ಓದಿಸಿದಳು, ಗಟ್ಟಿಗಿತ್ತಿ ಕಣೇ." ಹೀಗೆ ಸಂಸಾರದ ಭಾರ ಹೊತ್ತವಳಿಗೆ ಅದು ಸುಲಭವಾಗಿ ಸಿಗುತ್ತದೆ. ಸಂಸಾರವೇ ಬೇಡ, ನನಗೆ ನನ್ನ ಕೆಲಸ ಸಾಕು ಅಂದವಳಿಗೆ? ಅವಳು ಹಠಮಾರಿ. ಹುಡುಗನಲ್ಲಿ ಛಲ ಅನ್ನಿಸಿಕೊಂಡದ್ದು ಹುಡುಗಿಯಲ್ಲಿ ಹಠ ಆಗಿಬಿಡುತ್ತದೆ. ನನ್ನ ಕೇಳಿದರೆ ಗಟ್ಟಿಗಿತ್ತಿ ಅನ್ನುವ ಮಾತು ಇಂಥವಳಿಗೂ ಸಲ್ಲಬೇಕು.

ಇಲ್ಲೊಂದು ಸಣ್ಣ ವ್ಯಾಕರಣದ ತಮಾಷೆ ಇದೆ. "ಅವಳಿಗೆ ಮದುವೆ ಆಗಲಿಲ್ಲ" ಅಂದರೆ ಮಳೆ ಆಗಲಿಲ್ಲ ಅಂದ ಹಾಗೆ. ಆಗಬೇಕಿತ್ತು, ಆಗಲಿಲ್ಲ, ಪಾಪ. "ಅವಳು ಮದುವೆ ಆಗಲಿಲ್ಲ" ಅಂದರೆ ತೀರ್ಮಾನ ಅವಳದು. ವ್ಯತ್ಯಾಸ ಒಂದು 'ಗೆ' ಮಾತ್ರ. ಮದುವೆಮನೆಯ ಊಟದ ಸಾಲಲ್ಲಿ ಪಕ್ಕದ ಅತ್ತೆ ಕೇಳುವ "ಇನ್ನೂ ಆಗಿಲ್ವೇನಮ್ಮಾ?" ಎಂಬ ಪ್ರಶ್ನೆಯಲ್ಲಿ ಆ 'ಗೆ' ಕಾಣದೇ ಕೂತಿರುತ್ತದೆ.

'ಗೆ' ಇಲ್ಲದ ವಾಕ್ಯಕ್ಕೆ ಒಳ್ಳೆಯ ಉದಾಹರಣೆ ಹವಾಮಾನ ವಿಜ್ಞಾನಿ ಅನ್ನಾ ಮಣಿ. ಹುಟ್ಟಿದ್ದು 1918ರಲ್ಲಿ, ಕೇರಳದ ಪೀರುಮೇಡಿನಲ್ಲಿ. ಗಂಡುಮಕ್ಕಳಿಗೆ ದೊಡ್ಡ ಕೆಲಸ, ಹೆಣ್ಣುಮಕ್ಕಳಿಗೆ ಮದುವೆ ಅನ್ನುವ ಅನುಕೂಲಸ್ಥ ಮನೆ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ರೂಢಿಯಂತೆ ವಜ್ರದ ಓಲೆ ಬಂತು. ಹುಡುಗಿ ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಬೇಕು ಅಂದಳು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಲ್ಯಾಬಿಗೆ ಬಂದರು. ಅಲ್ಲಿ ಕೈಗೆ ಸಿಕ್ಕಿದ್ದು ಏನು ಗೊತ್ತಾ? ವಜ್ರ! ವಜ್ರ ಮತ್ತು ಮಾಣಿಕ್ಯದಿಂದ ಹೊರಡುವ ಬೆಳಕನ್ನು ಫೋಟೋ ಪ್ಲೇಟಿನ ಮೇಲೆ ಹಿಡಿಯುವ ಕೆಲಸ. ಒಂದೊಂದು ಸಲ 15-20 ಗಂಟೆ ಕಾಯಬೇಕು. ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಕಳೆದರು.

ಐದು ಸಂಶೋಧನಾ ಪ್ರಬಂಧ ಬರೆದರು. 1945ರಲ್ಲಿ ಪಿಎಚ್‌ಡಿಗಾಗಿ ಥೀಸಿಸ್ ಸಲ್ಲಿಸಿದರೆ, ಎಂಎಸ್ಸಿ ಇಲ್ಲ ಅನ್ನುವ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಅವರು ಅದನ್ನು ಹಿಡಿದುಕೊಂಡು ಕೂರಲಿಲ್ಲ. ಸ್ಕಾಲರ್‌ಶಿಪ್ ಮೇಲೆ ಲಂಡನ್ನಿಗೆ ಹೋದರು, ಹವಾಮಾನದ ಉಪಕರಣಗಳ ಬಗ್ಗೆ ಕಲಿತರು. 1948ರಲ್ಲಿ ವಾಪಸ್ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಆಗ ಮಳೆ, ಗಾಳಿ ಅಳೆಯುವ ಉಪಕರಣಗಳಿಗೂ ನಾವು ಹೊರದೇಶವನ್ನೇ ನೋಡಬೇಕಿತ್ತು. ಸುಮಾರು ನೂರು ಉಪಕರಣಗಳ ನಕ್ಷೆ ಸಿದ್ಧಪಡಿಸಿ, ಅವುಗಳನ್ನು ಇಲ್ಲೇ ತಯಾರಿಸುವ ಹಾಗೆ ಮಾಡಿದರು. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು.

ಅನ್ನಾ ಮಣಿ ಮದುವೆ ಆಗಲಿಲ್ಲ. ನಿವೃತ್ತಿಯ ನಂತರ ಮತ್ತೆ ಬೆಂಗಳೂರಿಗೆ ಬಂದು, ಗಾಳಿಯ ವೇಗ ಮತ್ತು ಬಿಸಿಲಿನ ಶಕ್ತಿ ಅಳೆಯುವ ಉಪಕರಣಗಳ ಒಂದು ವರ್ಕ್‌ಶಾಪ್ ಶುರುಮಾಡಿದರು.