ತೆರೆಯ ಮೇಲಿನ ಜೋಡಿಯ ಬಣ್ಣಕ್ಕೆ ಇಷ್ಟೊಂದು ಜಗಳವೇಕೆ?

ಓದುಗರ ಪ್ರಶ್ನೆ: ಹಾಲಿವುಡ್ ಚಿತ್ರಗಳನ್ನು ತಪ್ಪದೆ ನೋಡುವವನು ನಾನು. ನಾಯಕನದು ಒಂದು ಜನಾಂಗ, ನಾಯಕಿಯದು ಇನ್ನೊಂದು ಎನ್ನುವಂಥ ಪ್ರೇಮಕಥೆಯ ಟ್ರೈಲರ್ ಬಂದರೆ ಸಾಕು, ಚಿತ್ರ ತೆರೆ ಕಾಣುವ ಮೊದಲೇ ಅಭಿಮಾನಿಗಳು ಎರಡು ಪಾಳಯವಾಗಿ ಕಚ್ಚಾಡುತ್ತಾರೆ. ಅಮೆರಿಕದಲ್ಲಿ ಇಂಥ ಮದುವೆಗಳಿಗೆ ಈಗ ವಿರೋಧವೇ ಇಲ್ಲ ಎಂದು ಕೇಳಿದ್ದೇನೆ. ಹಾಗಿದ್ದರೆ ಸಿನಿಮಾದಲ್ಲಿ ಕಂಡಾಗ ಮಾತ್ರ ಏಕೆ ಈ ರಂಪ?

ಉತ್ತರ: ನೀವು ಕೇಳಿದ್ದು ಬಹುಮಟ್ಟಿಗೆ ನಿಜ. ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ 1958ರಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಕರಿಯರು ಮತ್ತು ಬಿಳಿಯರ ನಡುವಿನ ಮದುವೆಯನ್ನು ಒಪ್ಪಿದ ಅಮೆರಿಕನ್ನರು ನೂರಕ್ಕೆ 4 ಮಂದಿ. 2021ರಲ್ಲಿ 94 ಮಂದಿ. ಒಂದು ಸಮಾಜ ಒಂದೇ ವಿಷಯದಲ್ಲಿ ಇಷ್ಟು ಪೂರ್ತಿಯಾಗಿ ಮನಸ್ಸು ಬದಲಿಸಿದ ಉದಾಹರಣೆಗಳು ಕಡಿಮೆ. ಆದರೆ ಸಿನಿಮಾ ಉದ್ಯಮ ಜನರ ಮನಸ್ಸನ್ನು ನೋಡಿ ನಡೆದದ್ದಕ್ಕಿಂತ, ಜನರ ಮನಸ್ಸು ಹೀಗಿರಬಹುದು ಎಂಬ ತನ್ನದೇ ಊಹೆಯನ್ನು ನೋಡಿ ನಡೆದದ್ದೇ ಹೆಚ್ಚು. ನಮ್ಮಲ್ಲಿ ಮದುವೆ ಮಾತುಕತೆಯಲ್ಲಿ ಹಿರಿಯರೊಬ್ಬರು 'ನಮಗೇನೂ ಅಭ್ಯಂತರವಿಲ್ಲ, ನೆಂಟರಿಷ್ಟರು ಏನಂದಾರು' ಎನ್ನುತ್ತಾರಲ್ಲ, ಹಾಲಿವುಡ್ಡಿನ ನಿರ್ಮಾಪಕರು ಎಂಬತ್ತು ವರ್ಷ ಆಡಿದ್ದು ಅದೇ ಮಾತು. ಆ ನೆಂಟರು ಯಾರು, ಅವರು ನಿಜಕ್ಕೂ ಹಾಗೆ ಅಂದರೇ ಎಂದು ವಿಚಾರಿಸಿದವರು ವಿರಳ.

ಶುರುವಿನಲ್ಲಿ ಅದು ಬರಿಯ ಊಹೆಯಾಗಿರಲಿಲ್ಲ, ಲಿಖಿತ ನಿಯಮವೇ ಆಗಿತ್ತು. ಹಾಲಿವುಡ್ಡಿನ ಸ್ಟುಡಿಯೋಗಳು 1930ರಲ್ಲಿ ತಾವೇ ಒಪ್ಪಿಕೊಂಡ, ಹೇಸ್ ಸಂಹಿತೆ ಎಂದು ಹೆಸರಾದ ಕಟ್ಟುಪಾಡಿನಲ್ಲಿ ಬಿಳಿಯರು ಮತ್ತು ಕರಿಯರ ನಡುವಿನ ಲೈಂಗಿಕ ಸಂಬಂಧವನ್ನು ತೋರಿಸುವುದು ನಿಷಿದ್ಧ ಎಂದು ಒಂದು ಸಾಲಿನಲ್ಲಿ ಬರೆದಿತ್ತು. 1934ರಿಂದ ಜೋಸೆಫ್ ಬ್ರೀನ್ ಎಂಬಾತನ ಕಚೇರಿ ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಿತು. ಚಿತ್ರಕಥೆ ಮೊದಲು ಅಲ್ಲಿಗೆ ಹೋಗಬೇಕು, ಅಲ್ಲಿಂದ ಒಪ್ಪಿಗೆಯ ಮುದ್ರೆ ಬರಬೇಕು. ನಿಯಮದಲ್ಲಿ ಹೆಸರಿಸಿದ್ದು ಕರಿಯರನ್ನು ಮಾತ್ರವಾದರೂ ಅದರ ನೆರಳು ಏಷ್ಯಾದವರ ಮೇಲೂ ಬಿತ್ತು.

ಇದರ ಅತ್ಯಂತ ವಿಚಿತ್ರ ಪರಿಣಾಮವೆಂದರೆ, ಪಾತ್ರಗಳ ಜನಾಂಗಕ್ಕಿಂತ ನಟರ ಜನಾಂಗ ಮುಖ್ಯವಾದದ್ದು. ಚೀನಾದ ರೈತ ಕುಟುಂಬವೊಂದರ ಕಥೆಯಾದ 'ದ ಗುಡ್ ಅರ್ಥ್' 1937ರಲ್ಲಿ ಚಿತ್ರವಾದಾಗ ರೈತನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿ ನಿಗದಿಯಾದರು. ಗಂಡನ ಪಾತ್ರಧಾರಿ ಬಿಳಿಯನಾದ ಮೇಲೆ ಹೆಂಡತಿಯ ಪಾತ್ರ ಚೀನೀ ಮೂಲದ ನಟಿಗೆ ಹೋಗುವ ದಾರಿ ಮುಚ್ಚಿತು. ಆ ಕಾಲದ ಹೆಸರಾಂತ ಚೀನೀ ಅಮೆರಿಕನ್ ತಾರೆ ಅನಾ ಮೇ ವಾಂಗ್ ಆ ಪಾತ್ರಕ್ಕಾಗಿ ಹಂಬಲಿಸಿದ್ದರು. ಸಿಕ್ಕಿದ್ದು ಬಿಳಿಯ ನಟಿ ಲೂಯಿಸ್ ರೈನರ್‌ಗೆ, ಜೊತೆಗೆ ಆಸ್ಕರ್ ಕೂಡ. ಚೀನೀ ಗಂಡ, ಚೀನೀ ಹೆಂಡತಿಯ ಕಥೆಯಲ್ಲಿ ಚೀನೀ ನಟಿಗೆ ಜಾಗವಿಲ್ಲ ಎಂಬ ತರ್ಕವನ್ನು ಗಂಭೀರ ಮುಖದಿಂದ ಒಪ್ಪಿಕೊಂಡ ಕಾಲ ಅದು.

ನಮ್ಮ ಮೈಸೂರಿನ ಹುಡುಗನೊಬ್ಬ ಇದೇ ಕಾಲದಲ್ಲಿ ಅಲ್ಲಿದ್ದ. ಎಚ್.ಡಿ. ಕೋಟೆಯ ಕಾರಾಪುರದ ಮಾವುತನ ಮಗ ಸಾಬು, 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಒಮ್ಮೆಲೇ ಜಗತ್ಪ್ರಸಿದ್ಧನಾದವನು. 1940ರ 'ದ ಥೀಫ್ ಆಫ್ ಬಾಗ್ದಾದ್' ನೋಡಿದರೆ ಚಿತ್ರದ ಜೀವ ಸಾಬುವೇ ಎಂದು ಮಕ್ಕಳೂ ಹೇಳುತ್ತಾರೆ. ಆದರೆ ರಾಜಕುಮಾರಿಯನ್ನು ಪ್ರೀತಿಸುವ ಕೆಲಸ ಬಿಳಿಯ ನಟ ಜಾನ್ ಜಸ್ಟಿನ್‌ನದು. ಸಾಬು ಆಗ ಹದಿಹರೆಯದವನು, ಅದು ಸಹಜ ಎನ್ನಿ. ಆತ ಬೆಳೆದು ಯುವಕನಾದ ಮೇಲೆ, 1947ರ ಬ್ರಿಟಿಷ್ ಚಿತ್ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಅವನಿಗೊಬ್ಬ ಪ್ರೇಯಸಿ ಸಿಕ್ಕಳು, ಭಾರತೀಯ ಹುಡುಗಿ ಕಾಂಚಿ. ಆ ಪಾತ್ರ ಮಾಡಿದ್ದು ಮೈಗೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟಿ ಜೀನ್ ಸಿಮನ್ಸ್! ನಿಜ ಜೀವನದಲ್ಲಿ ಸಾಬು 1948ರಲ್ಲಿ ಬಿಳಿಯ ಅಮೆರಿಕನ್ ನಟಿ ಮೆರಿಲಿನ್ ಕೂಪರ್ ಅವರನ್ನು ಮದುವೆಯಾದ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅಂತರ್ಜನಾಂಗೀಯ ವಿವಾಹ ನಿಷೇಧವನ್ನು ರದ್ದುಪಡಿಸಿದ್ದೂ ಅದೇ ವರ್ಷ.

ನಿಯಮದ ಅಸಂಬದ್ಧತೆ ಬಯಲಾಗುವುದು 1949ರ 'ಪಿಂಕಿ'ಯಲ್ಲಿ. ತೆಳು ಮೈಬಣ್ಣದ ಕರಿಯ ಯುವತಿಯೊಬ್ಬಳು ಬಿಳಿಯ ವೈದ್ಯನನ್ನು ಪ್ರೀತಿಸುವ ಕಥೆ ಅದು. ನಾಯಕಿಯ ಪಾತ್ರವನ್ನು ಬಿಳಿಯ ನಟಿ ಜೀನ್ ಕ್ರೇನ್ ಮಾಡಿದ್ದರಿಂದ ಚಿತ್ರಕ್ಕೆ ದಾರಿ ಸಿಕ್ಕಿತು. ಅಷ್ಟಾದರೂ ಟೆಕ್ಸಾಸ್‌ನ ಮಾರ್ಷಲ್ ಎಂಬ ಊರು ಅದನ್ನು ನಿಷೇಧಿಸಿ, ಪ್ರದರ್ಶಿಸಿದವರ ಮೇಲೆ ಮೊಕದ್ದಮೆ ಹೂಡಿತು. ಆ ಶಿಕ್ಷೆಯನ್ನು ರದ್ದು ಮಾಡಲು 1952ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಬರಬೇಕಾಯಿತು.

1956ರಲ್ಲಿ ಸಂಹಿತೆಯ ಆ ಸಾಲನ್ನು ತೆಗೆದುಹಾಕಿದರು. ಮರುವರ್ಷವೇ ಬಂದ 'ಐಲ್ಯಾಂಡ್ ಇನ್ ದ ಸನ್' ಎರಡು ಮಿಶ್ರ ಜೋಡಿಗಳನ್ನು ಧೈರ್ಯವಾಗಿ ತೆರೆಗೆ ತಂದಿತು. ಧೈರ್ಯ ಎಷ್ಟರ ಮಟ್ಟಿಗೆ ಎಂದರೆ ಕರಿಯ ನಟ ಹ್ಯಾರಿ ಬೆಲಫಾಂಟೆ ಮತ್ತು ಬಿಳಿಯ ನಟಿ ಜೋನ್ ಫಾಂಟೇನ್ ಒಬ್ಬರಿಗೊಬ್ಬರು ಮುತ್ತು ಕೂಡ ಕೊಡುವಂತಿಲ್ಲ. ಹತ್ತು ವರ್ಷದ ನಂತರ, 1967ರ ಡಿಸೆಂಬರ್‌ನಲ್ಲಿ, 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್' ಬಂತು. ಕರಿಯ ನಟ ಸಿಡ್ನಿ ಪಾಟಿಯೇ ಅಭಿನಯಿಸಿದ ನಾಯಕ ವಿಖ್ಯಾತ ವೈದ್ಯ, ಸಭ್ಯ, ಸ್ಫುರದ್ರೂಪಿ. ಹೆಣ್ಣಿನ ಅಪ್ಪ ಅಮ್ಮ ಬೇಡವೆಂದರೆ ಮದುವೆಯಾಗುವುದಿಲ್ಲ ಎನ್ನುವಷ್ಟು ಒಳ್ಳೆಯವನು. ಇಂಥ ಅಳಿಯ ಯಾರಿಗೆ ಬೇಡ? ಬಣ್ಣವೊಂದನ್ನು ಬಿಟ್ಟರೆ ಆಕ್ಷೇಪಕ್ಕೆ ಬೇರೆ ಕಾರಣವೇ ಸಿಗದಂತೆ ಪಾತ್ರವನ್ನು ತಿದ್ದಿ ತೀಡಿದ್ದು ನಿರ್ದೇಶಕ ಸ್ಟಾನ್ಲಿ ಕ್ರೇಮರ್‌ನ ಜಾಣ್ಮೆ. ಆದರೆ ಪ್ರೀತಿಸುವ ಹಕ್ಕಿಗೆ ಇಷ್ಟೊಂದು ಅರ್ಹತೆ ಬೇಕೇ ಎಂದು ಕರಿಯ ವಿಮರ್ಶಕರು ಆಗಲೇ ಗೊಣಗಿದ್ದರು, ಆ ಗೊಣಗಾಟ ನ್ಯಾಯವಾದದ್ದೇ. ಚಿತ್ರದ ಒಂದೇ ಒಂದು ಚುಂಬನ ಕಾಣುವುದು ಟ್ಯಾಕ್ಸಿಯ ಚಾಲಕನ ಕನ್ನಡಿಯಲ್ಲಿ.

ಈ ಚಿತ್ರದಲ್ಲಿ, 16-17 ರಾಜ್ಯಗಳಲ್ಲಿ ನೀವು ಕಾನೂನಿನ ಪ್ರಕಾರ ಅಪರಾಧಿಗಳಾಗುತ್ತೀರಿ ಎಂದು ಒಬ್ಬರು ಎಚ್ಚರಿಸುವ ಮಾತಿದೆ. ತಮಾಷೆಯೆಂದರೆ, ಚಿತ್ರೀಕರಣ ಮುಗಿದ ಮೇಲೆ, ಬಿಡುಗಡೆಗೆ ಮೊದಲು, 1967ರ ಜೂನ್ 12ರಂದು ಸುಪ್ರೀಂ ಕೋರ್ಟ್ 'ಲವಿಂಗ್ ವಿರುದ್ಧ ವರ್ಜೀನಿಯಾ' ಪ್ರಕರಣದಲ್ಲಿ ಅಂಥ ಎಲ್ಲ ಕಾನೂನುಗಳನ್ನು ಒಮ್ಮತದಿಂದ ಹೊಡೆದುಹಾಕಿತ್ತು. ಧೈರ್ಯದ ಚಿತ್ರವೆಂದು ಹೊರಟದ್ದು ತೆರೆಗೆ ಬರುವಷ್ಟರಲ್ಲಿ ಕಾನೂನಿಗಿಂತ ಹಿಂದೆ ಬಿದ್ದಿತ್ತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನಿಯಮ ಹೋಯಿತು, ಕಾನೂನು ಹೋಯಿತು. ಊಹೆ ಮಾತ್ರ ಉಳಿಯಿತು.

ಅದು ಎಷ್ಟು ಗಟ್ಟಿಯಾಗಿ ಉಳಿಯಿತು ಎಂಬುದಕ್ಕೆ 2000ದ 'ರೋಮಿಯೋ ಮಸ್ಟ್ ಡೈ' ಸಾಕು. ಹೆಸರಲ್ಲೇ ರೋಮಿಯೋ ಇದ್ದಾನೆ, ಚೀನೀ ನಟ ಜೆಟ್ ಲೀ ಮತ್ತು ಕರಿಯ ಅಮೆರಿಕನ್ ಗಾಯಕಿ ಆಲಿಯಾ ಜೋಡಿ ಇದೆ, ಆದರೆ ಕೊನೆಯಲ್ಲಿ ಒಂದು ಅಪ್ಪುಗೆ ಮಾತ್ರ. ಚಿತ್ರೀಕರಿಸಿದ್ದ ಮುತ್ತು ಪರೀಕ್ಷಾ ಪ್ರದರ್ಶನದ ನಂತರ ಕತ್ತರಿಗೆ ಹೋಯಿತು ಎಂದು ಆಗ ವರದಿಯಾಗಿತ್ತು. 2005ರ 'ಹಿಚ್' ಇನ್ನೂ ಬೋಧಪ್ರದ. ನಾಯಕಿ ಕರಿಯಳಾದರೆ ಇದು ಕರಿಯರ ಚಿತ್ರವೆಂದು ವಿದೇಶದಲ್ಲಿ ಓಡುವುದಿಲ್ಲ, ಬಿಳಿಯಳಾದರೆ ಅಮೆರಿಕದಲ್ಲೇ ಮುನಿಸು ಎಂಬ ಲೆಕ್ಕಾಚಾರದಲ್ಲಿ ಲ್ಯಾಟಿನೋ ಮೂಲದ ಇವಾ ಮೆಂಡಿಸ್ ಆಯ್ಕೆಯಾದರು ಎಂಬುದನ್ನು ಚಿತ್ರದ ಕರಿಯ ನಾಯಕ ವಿಲ್ ಸ್ಮಿತ್ ಅವರೇ ಆಗಿನ ಸಂದರ್ಶನದಲ್ಲಿ ಹೇಳಿಕೊಂಡಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಇದಕ್ಕೂ 13 ವರ್ಷ ಮೊದಲು, 1992ರಲ್ಲಿ, ಕರಿಯ ಗಾಯಕಿ ವಿಟ್ನಿ ಹ್ಯೂಸ್ಟನ್ ಮತ್ತು ಬಿಳಿಯ ನಟ ಕೆವಿನ್ ಕಾಸ್ಟ್ನರ್ ಜೋಡಿಯ 'ದ ಬಾಡಿಗಾರ್ಡ್' ಜಗತ್ತಿನಾದ್ಯಂತ ಸುಮಾರು 41 ಕೋಟಿ ಡಾಲರ್ ಗಳಿಸಿತ್ತು. ಕಥೆ ಅವರ ಬಣ್ಣದ ಸುದ್ದಿಯನ್ನೇ ಹೆಚ್ಚುಕಡಿಮೆ ಎತ್ತುವುದಿಲ್ಲ, ಪ್ರೇಕ್ಷಕರೂ ಎತ್ತಲಿಲ್ಲ. ಲಾಭದ ಲೆಕ್ಕವನ್ನು ಇಷ್ಟು ಚೆನ್ನಾಗಿ ಬಲ್ಲ ಉದ್ಯಮ ಈ ಒಂದು ಲೆಕ್ಕವನ್ನು ಮಾತ್ರ ಓದಲೇ ಇಲ್ಲ. ಊಹೆ ಹಣಕ್ಕಿಂತ ಬಲಶಾಲಿ ಎಂದು ನಾನು ನಂಬತೊಡಗಿದ್ದು ಇದರಿಂದಲೇ.

ಈಗ ಅಭಿಮಾನಿಗಳ ವಿಷಯಕ್ಕೆ ಬರೋಣ. ಹಿಂದೆ ಸ್ಟುಡಿಯೋ ಕೋಣೆಯಲ್ಲಿ ನಡೆಯುತ್ತಿದ್ದ ಆ ಊಹೆಯ ಆಟ ಈಗ ಬಯಲಿಗೆ ಬಂದಿದೆ. ಟ್ರೈಲರ್ ನೋಡಿದ ಅಭಿಮಾನಿ 'ನನಗೇನೂ ತೊಂದರೆಯಿಲ್ಲ, ಆದರೆ ಸಾಮಾನ್ಯ ಪ್ರೇಕ್ಷಕ ಒಪ್ಪುವುದಿಲ್ಲ, ಚಿತ್ರ ಮಕಾಡೆ ಮಲಗುತ್ತದೆ' ಎಂದು ನಿರ್ಮಾಪಕನ ಹಾಗೆಯೇ ಮಾತಾಡುತ್ತಾನೆ. ನೋಡದ ಚಿತ್ರಗಳಿಗೆ ಸಾಲುಗಟ್ಟಿ ಕೆಟ್ಟ ಅಂಕ ಕೊಡುವುದು ಎಷ್ಟು ಹೆಚ್ಚಿತೆಂದರೆ, ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ತಾಣ 2019ರಲ್ಲಿ ಬಿಡುಗಡೆಗೆ ಮುಂಚಿನ ಪ್ರೇಕ್ಷಕರ ಟಿಪ್ಪಣಿಗಳನ್ನೇ ನಿಲ್ಲಿಸಿತು.

ಹಾಗೆಂದು ಎಲ್ಲ ಆಕ್ಷೇಪವೂ ದ್ವೇಷವಲ್ಲ. 'ವುದರಿಂಗ್ ಹೈಟ್ಸ್' ಜಗಳವನ್ನೇ ನೋಡಿ. ಎಮರಲ್ಡ್ ಫೆನೆಲ್ ನಿರ್ದೇಶನದ, 2026ರ ಈ ಚಿತ್ರದ ಪಾತ್ರವರ್ಗ 2024ರಲ್ಲಿ ಪ್ರಕಟವಾದ ಕೂಡಲೇ ಓದುಗರು ಸಿಡಿದೆದ್ದರು. ಎಮಿಲಿ ಬ್ರಾಂಟೆಯ 1847ರ ಕಾದಂಬರಿಯಲ್ಲಿ ನಾಯಕ ಹೀತ್‌ಕ್ಲಿಫ್ ಲಿವರ್‌ಪೂಲ್ ಬೀದಿಯಲ್ಲಿ ಸಿಕ್ಕ ಕಪ್ಪು ಮೈಬಣ್ಣದ ಅನಾಥ. ಒಬ್ಬರು ಅವನನ್ನು ಜಿಪ್ಸಿಯಂತಿದ್ದಾನೆ ಎಂದರೆ ಇನ್ನೊಬ್ಬರು ಲಸ್ಕರ್ ಇರಬಹುದು ಎನ್ನುತ್ತಾರೆ, ಅಂದರೆ ಈಸ್ಟ್ ಇಂಡಿಯಾ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ನಾವಿಕರ ಮಗು. ಆ ಪಾತ್ರಕ್ಕೆ ಬಿಳಿಯ ನಟ ಜೇಕಬ್ ಎಲೋರ್ಡಿ. ತಾನು ಮೊದಲು ಓದಿದ ಪ್ರತಿಯ ಮೇಲಿದ್ದ ಹೀತ್‌ಕ್ಲಿಫ್‌ನ ಚಿತ್ರದಂತೆಯೇ ಆತ ಕಾಣುತ್ತಾನೆ ಎಂಬುದು ನಿರ್ದೇಶಕಿಯ ಸಮರ್ಥನೆ. ಇಲ್ಲಿ ಮುನಿಸಿಕೊಂಡವರು ಮಿಶ್ರ ಜೋಡಿ ಬೇಡ ಎನ್ನುವವರಲ್ಲ, ಇದ್ದ ಮಿಶ್ರ ಜೋಡಿಯನ್ನು ಅಳಿಸಿದಿರಿ ಎನ್ನುವವರು. ಕಾದಂಬರಿಯಲ್ಲಿ ನಾಯಕಿ ಕ್ಯಾಥಿಯನ್ನು ಮದುವೆಯಾಗುವ ಬೆಳ್ಳಗಿನ ಎಡ್ಗರ್ ಲಿಂಟನ್ ಆಗಿರುವುದು ಪಾಕಿಸ್ತಾನಿ ಮೂಲವೂ ಇರುವ ಶಾಜಾದ್ ಲತೀಫ್. ಬಣ್ಣ ಅದಲುಬದಲಾಗಿದೆ, ಆದರೆ ಕ್ಯಾಥಿಯ ಹುಚ್ಚು ಪ್ರೀತಿ ಯಾರಿಗೆ ಸಲ್ಲುತ್ತದೋ ಅವನು ಬಿಳಿಯನೇ. 2011ರಲ್ಲಿ ಆಂಡ್ರಿಯಾ ಆರ್ನಾಲ್ಡ್ ಕರಿಯ ನಟ ಜೇಮ್ಸ್ ಹೌಸನ್‌ನನ್ನು ಹೀತ್‌ಕ್ಲಿಫ್ ಮಾಡಿದಾಗ ಕಥೆಯ ಅರ್ಧ ಕ್ರೌರ್ಯ ಥಟ್ಟನೆ ಅರ್ಥವಾಗಿತ್ತು. ಈ ಜಗಳದಲ್ಲಿ ನಾನು ಓದುಗರ ಪಕ್ಷ.

ಇದೇ ಕಥೆಯ 1939ರ ಚಿತ್ರದಲ್ಲಿ ಇನ್ನೊಂದು ಗುಟ್ಟಿದೆ. ಹೀತ್‌ಕ್ಲಿಫ್ ಆಗಿದ್ದು ಲಾರೆನ್ಸ್ ಒಲಿವಿಯೇ, ಕ್ಯಾಥಿ ಆಗಿದ್ದು ಮರ್ಲ್ ಓಬೆರಾನ್. ತಾನು ಟಾಸ್ಮೇನಿಯಾದಲ್ಲಿ ಹುಟ್ಟಿದ ಬಿಳಿಯಳು ಎಂದು ಜೀವಮಾನವಿಡೀ ಹೇಳಿಕೊಂಡ ಓಬೆರಾನ್ ಹುಟ್ಟಿದ್ದು ಬೊಂಬಾಯಿಯಲ್ಲಿ, ಬೆಳೆದದ್ದು ಕಲ್ಕತ್ತದಲ್ಲಿ, ತಾಯಿಯ ಕಡೆಯಿಂದ ದಕ್ಷಿಣ ಏಷ್ಯಾದ ರಕ್ತ. ನಿಜ ಹೊರಬಿದ್ದದ್ದು 1979ರಲ್ಲಿ ಆಕೆ ತೀರಿಕೊಂಡ ಮೇಲೆ. ಸಂಹಿತೆಯ ಕಾವಲುಗಾರರು ಬಿಳಿಯ ಜೋಡಿಯೆಂದು ಮುದ್ರೆ ಒತ್ತಿದ್ದು ನಿಜಕ್ಕೂ ಮಿಶ್ರ ಜೋಡಿಗೆ. ಜಗತ್ತು ಅದನ್ನು ಅಮರ ಪ್ರೇಮವೆಂದು ಕೊಂಡಾಡಿತು.

ಕರಿಯ ಮಹಿಳೆಯರದು ಇನ್ನೊಂದು ದೂರು, ಅದನ್ನೂ ಕೇಳಿಸಿಕೊಳ್ಳಬೇಕು. ಕರಿಯ ನಾಯಕನಿಗೆ ಬಿಳಿಯ ಅಥವಾ ತೆಳು ಬಣ್ಣದ ಪ್ರೇಯಸಿ ಸಿಗುತ್ತಾಳೆ, ಕಪ್ಪು ಮೈಬಣ್ಣದ ಹೆಣ್ಣು ಗೆಳತಿಯ ಪಾತ್ರದಲ್ಲೇ ಉಳಿಯುತ್ತಾಳೆ ಎಂಬ ಅಸಮಾಧಾನ ಅದು. ನಾಯಕಿಯೆಂದರೆ ಹಾಲುಬಿಳುಪು ಎಂದು ಪರರಾಜ್ಯಗಳಿಂದ ನಟಿಯರನ್ನು ಕರೆತರುವ ಚಿತ್ರರಂಗದ ಪ್ರೇಕ್ಷಕರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ 'ನಾಗರಹಾವು' 1972ರಲ್ಲಿ ರಾಮಾಚಾರಿ ಮತ್ತು ಮಾರ್ಗರೆಟ್ ಜೋಡಿಯನ್ನು ಚಿತ್ರದುರ್ಗದ ಬೆಟ್ಟದ ಮೇಲಿಂದ ಕೆಡವಿತು. ಗಡಿ ದಾಟಿದ ಪ್ರೀತಿಯನ್ನು ತೋರಿಸಬಹುದು, ಬದುಕಲು ಬಿಡುವುದು ಬೇರೆ ಮಾತು ಎಂಬ ಲೆಕ್ಕ ಹಾಲಿವುಡ್ಡಿನದು ಮಾತ್ರವಲ್ಲ.

ಆದ್ದರಿಂದ ಮುಂದಿನ ಟ್ರೈಲರ್ ಜಗಳದಲ್ಲಿ ಯಾರು ತಮ್ಮ ಅನಿಸಿಕೆಯನ್ನು ಹೇಳುತ್ತಿದ್ದಾರೆ, ಯಾರು ಅಲ್ಲಿಲ್ಲದ ಪ್ರೇಕ್ಷಕನ ವಕಾಲತ್ತು ವಹಿಸಿದ್ದಾರೆ ಎಂದು ಬೇರ್ಪಡಿಸಿ ಓದಿ. ಮೊದಲನೆಯವರ ಜೊತೆ ವಾದ ಮಾಡಬಹುದು. ಎರಡನೆಯವರು ನಿರ್ಮಾಪಕರ ಹಳೆಯ ಭಯವನ್ನು ಬಾಡಿಗೆಗೆ ಪಡೆದವರು.

ಎಲ್ಲಿಂದ ನೋಡಲು ಶುರು ಮಾಡಲಿ ಎಂದು ಕೇಳಿದರೆ ನನ್ನ ಶಿಫಾರಸು ಮೀರಾ ನಾಯರ್ ಅವರ 'ಮಿಸಿಸಿಪ್ಪಿ ಮಸಾಲಾ' (1991). ಈದಿ ಅಮೀನ್ 1972ರಲ್ಲಿ ಉಗಾಂಡದಿಂದ ಹೊರಗಟ್ಟಿದ ಭಾರತೀಯ ಕುಟುಂಬದ ಮಗಳು ಸರಿತಾ ಚೌಧರಿ, ಕಾರ್ಪೆಟ್ ತೊಳೆಯುವ ಕಸುಬಿನ ಕರಿಯ ತರುಣ ಡೆಂಜೆಲ್ ವಾಷಿಂಗ್ಟನ್. ಜೋಡಿಯಲ್ಲಿ ಬಿಳಿಯರೇ ಇಲ್ಲದ ಕಾರಣ ಹಣ ಹೂಡುವವರು ಸಿಗುವುದು ಕಷ್ಟವಾಯಿತಂತೆ. ಬಿಳಿಯ ನಾಯಕನಿಗೂ ಜಾಗ ಮಾಡಿಕೊಡಿ ಎಂದವರಿಗೆ, ಚಿತ್ರದಲ್ಲಿ ಹೋಟೆಲಿನ ಮಾಣಿಗಳೆಲ್ಲ ಬಿಳಿಯರೇ ಇರುತ್ತಾರೆ ಎಂದು ತಾವು ಉತ್ತರಿಸಿದ್ದನ್ನು ನಾಯರ್ ನಗುತ್ತಾ ನೆನೆಯುತ್ತಾರೆ. ಆ ಮಾತಿಗೆ ಹಣ ಸಿಗಲಿಲ್ಲ, ಬಾಗಿಲು ತೋರಿಸಿದರು. ಪ್ರೇಮಿಗಳನ್ನು ಹೆಚ್ಚು ಕಾಡುವವರು ಹುಡುಗಿಯ ಕಡೆಯ ಗುಜರಾತಿ ನೆಂಟರು, ಅವರ ಮೋಟೆಲ್‌ಗಳು, ಅವರ ಫೋನ್ ಕರೆಗಳು. 2022ರಲ್ಲಿ ಇದರ ಮರುಸಂಸ್ಕರಿಸಿದ ಪ್ರತಿ ಬಂದಿದೆ, ಹಳೆಯ ಮಸುಕು ಪ್ರತಿ ಸಿಕ್ಕರೆ ಬಿಟ್ಟು ಅದನ್ನೇ ಹುಡುಕಿ ನೋಡಿ.