ತಟ್ಟುವ ಕೈಯಿಂದ ‘ಹಾ’ ಎನ್ನುವ ಉಸಿರಿಗೆ

ಮಂಡ್ಯದಲ್ಲಿರುವ ನಮ್ಮ ಸೋದರತ್ತೆಗೆ ಬೆಳಗಾಗುವುದೇ ಕೆಮ್ಮಿನಿಂದ. ಚಿಕ್ಕ ವಯಸ್ಸಲ್ಲಿ ಬಂದಿದ್ದ ಟಿಬಿ ವಾಸಿಯಾಗಿ ಎಷ್ಟೋ ವರ್ಷವಾಯಿತು. ಆದರೆ ಹೋಗುವಾಗ ಶ್ವಾಸನಾಳಗಳನ್ನು ಹಿಗ್ಗಿಸಿ ಹೋಯಿತು. ಹಿಗ್ಗಿದ ಕಡೆ ಕಫ ನಿಲ್ಲುತ್ತದೆ, ನಿಂತಲ್ಲಿ ಸೋಂಕು. ಡಾಕ್ಟರು ಇದನ್ನು ಬ್ರಾಂಕಿಯೆಕ್ಟಾಸಿಸ್ ಅನ್ನುತ್ತಾರೆ. ಮಾವ ಇದ್ದಾಗ ದಿನಾ ಅತ್ತೆಯನ್ನು ಮಂಚದ ಅಂಚಿಗೆ ಬೋರಲು ಮಲಗಿಸಿ, ಅಂಗೈ ಬೊಗಸೆಯಂತೆ ಬಗ್ಗಿಸಿ ಬೆನ್ನು ತಟ್ಟುತ್ತಿದ್ದರು. ಆ ಡಬಡಬ ಸದ್ದು ಅಡುಗೆಮನೆವರೆಗೂ ಕೇಳುತ್ತಿತ್ತು. ಮಾವ ಹೋದರು. ಇನ್ನು ತಟ್ಟುವವರು ಯಾರು?

ಬಗ್ಗಿಸಿ ಮಲಗಿಸುವ ಉಪಾಯ ಹಳೆಯದು. 1901ರಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಯೂವರ್ಟ್ ಇದರ ಬಗ್ಗೆ ಬರೆದಿದ್ದರು. ಜಾಡಿ ಓರೆ ಮಾಡಿದರೆ ತಳದ ಜೇನು ಬಾಯಿಗೆ ಬರುತ್ತದಲ್ವಾ, ಅಷ್ಟೇ ಲೆಕ್ಕ. ಶ್ವಾಸಕೋಶದ ಯಾವ ಭಾಗಕ್ಕೆ ಯಾವ ಓರೆ ಎಂಬುದು ಆಮೇಲೆ ನಿಖರವಾಯಿತು. ತಟ್ಟುವುದೂ ಸೇರಿಕೊಂಡಿತು.

ಆ ಕಾಲದಲ್ಲಿ ಟಿಬಿಗೆ ಔಷಧಿಯೇ ಇರಲಿಲ್ಲ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಮೈಸೂರಿನಲ್ಲಿ ಕಟ್ಟಿದ ಸ್ಯಾನಟೋರಿಯಂ, ಈಗ ಎಲ್ಲರ ಬಾಯಲ್ಲೂ ಪಿಕೆಟಿಬಿ, ಶುರುವಾದದ್ದೂ ಅಂಥ ದಿನಗಳಲ್ಲೇ. ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ: ಆಗಿನ ಸ್ಯಾನಟೋರಿಯಂಗಳ ಚಿಕಿತ್ಸೆ ಬಹುಪಾಲು ಇಷ್ಟೇ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು. ಜೀವ ಉಳಿಯತೊಡಗಿತು, ಜೊತೆಗೆ ಅತ್ತೆಯಂಥವರಿಗೆ ಕಫವೂ ಉಳಿಯಿತು.

ನನ್ನ ಪ್ರಕಾರ ದೊಡ್ಡ ತಿರುವು ಬಂದದ್ದು 1979ರಲ್ಲಿ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಜೆನಿಫರ್ ಪ್ರಯರ್, ಬಾರ್ಬರಾ ವೆಬ್ಬರ್ ಮತ್ತು ಸಂಗಡಿಗರು ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಬರುವ, ಕಫ ಗಟ್ಟಿಯಾಗಿ ಅಂಟಿಕೊಳ್ಳುವ ಕಾಯಿಲೆ) ಇರುವವರಿಗೆ ‘ಹಫ್’ ಕಲಿಸಿ ನೋಡಿದರು. ಕಡಿಮೆ ಹೊತ್ತಿನಲ್ಲಿ ಜಾಸ್ತಿ ಕಫ ಬಂತು. ಅದೂ ಇನ್ನೊಬ್ಬರ ಕೈ ಇಲ್ಲದೆ!

ಹಫ್ ಅಂದರೆ ಕೆಮ್ಮಲ್ಲ. ಕನ್ನಡಕ ಒರೆಸೋಕೆ ಗಾಜಿನ ಮೇಲೆ ‘ಹಾ’ ಅಂತ ಉಸಿರು ಬಿಡುತ್ತೀವಲ್ಲ, ಅದನ್ನೇ ಬಾಯಿ, ಗಂಟಲು ತೆರೆದು ಸ್ವಲ್ಪ ಜೋರಾಗಿ ಮಾಡುವುದು. ಬಲವಾಗಿ ಕೆಮ್ಮಿದರೆ ಸಡಿಲವಾದ ನಾಳ ಒತ್ತಿಹೋಗಿ ಮುಚ್ಚುತ್ತದೆ, ಕಫ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಹಫ್‌ನಲ್ಲಿ ದಾರಿ ತೆರೆದಿರುತ್ತದೆ. ಮೊದಲು ಸುಮ್ನೆ ಆರಾಮಾಗಿ ಉಸಿರಾಡಬೇಕು. ಆಮೇಲೆ ಮೂರು ನಾಲ್ಕು ದೀರ್ಘ ಉಸಿರು, ಒಂದೊಂದನ್ನೂ ಎರಡು ಮೂರು ಸೆಕೆಂಡು ಹಿಡಿಯಬೇಕು. ಹೀಗೆ ಹಿಡಿದಾಗ ಗಾಳಿ ಕಫದ ಹಿಂದಕ್ಕೆ ನುಸುಳುತ್ತದೆ. ಕೊನೆಗೆ ಒಂದೆರಡು ಹಫ್, ಮತ್ತೆ ವಿಶ್ರಾಂತಿ. ಊದುವ ಸಾಧನಗಳು, ನಡುಗಿಸುವ ಜಾಕೆಟ್ಟುಗಳೂ ಬಂದಿವೆ. ಆದರೆ ಜಾಕೆಟ್ಟಿನ ಬೆಲೆ ನಮ್ಮಂಥವರ ಮಾತಲ್ಲ ಬಿಡಿ. ಕಫದಲ್ಲಿ ರಕ್ತ ಕಂಡರೆ ಮಾತ್ರ ಎಲ್ಲ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು.

ಮೈಸೂರಿನ ಫಿಸಿಯೋ ಹುಡುಗಿ ಇದನ್ನು ಹೇಳಿಕೊಟ್ಟಾಗ ಅತ್ತೆಗೆ ನಂಬಿಕೆಯೇ ಬರಲಿಲ್ಲ. “ತಟ್ಟೋದೇ ಇಲ್ವಾ? ಮತ್ತೆ ದುಡ್ಡು ಯಾಕೆ ಕೊಡಬೇಕು?” ಎಂದಿದ್ದರು. ಈಗ ಬೆಳಿಗ್ಗೆ ಕಾಫಿಗೆ ಮುಂಚೆ ಜಗುಲಿಯಲ್ಲಿ ಕೂತು, ಮಾವನ ಹಳೆ ಕನ್ನಡಕ ಮುಂದೆ ಹಿಡಿದು ‘ಹಾ’ ಅನ್ನುತ್ತಾರೆ. ಗಾಜು ಮಬ್ಬಾಗುತ್ತದೆ. ಸೆರಗಲ್ಲಿ ಒರೆಸಿ, ಇನ್ನೊಂದು ಸಲ.